ಹಾಡಿನ ನಾಟಕಕ್ಕೆ ಹಳೆ ಪಾರ್ ಕ್ಯಾನೋ, ಎಲ್‌ಇಡಿಯೋ?

ಹುಬ್ಬಳ್ಳಿ-ಧಾರವಾಡದ ಕಡೆ ನಾಟಕ ಮಾಡಿಸುವವರು ಬೆಳಕಿನವನಿಗೆ ಈಗ ಕೇಳುವ ಮೊದಲ ಮಾತು, ‘ಎಲ್‌ಇಡಿ ಐತೇನ್ರಿ?’ ಬರೀ ಮಾತಿನ ನಾಟಕವಾದರೆ ‘ಐತ್ರಿ, ತರ್ತೀನಿ’ ಅಂದುಬಿಡುತ್ತೇನೆ. ಹಾಡಿನ ನಾಟಕವಾದರೆ, ಯಾರು ಹಾಡುತ್ತಾರೆ ಅಂತ ಮೊದಲು ವಿಚಾರಿಸುತ್ತೇನೆ.

ಒಂದೇ ಕಂಪನಿ ನಾಟಕಕ್ಕೆ ಎರಡೂ ಬಗೆಯ ಬೆಳಕು ಹಾಕಿ ನೋಡಿದವನು ನಾನು. ಒಂದು ಕಡೆ ಹಳೆಯ ಹ್ಯಾಲೊಜನ್ ದೀಪಗಳು: ಸಾವಿರ ವ್ಯಾಟ್‌ನ ಪಾರ್ 64 (ಡಬ್ಬಿಯಂಥ ಪಾರ್ ಕ್ಯಾನ್), ಅಂಚು ಮೆತ್ತಗಿರುವ ಬೆಳಕು ಬೀರುವ ಫ್ರೆನೆಲ್, ಕೈಯಿಂದ ಏರಿಸಿ ಇಳಿಸುವ ಫೇಡರ್ ಡಿಮ್ಮರ್. ಇನ್ನೊಂದು ಕಡೆ ಎಲ್ಲಾ ಎಲ್‌ಇಡಿ ಪಾರ್, ಬೆಳಕಿನ ಒಂದೊಂದು ಬದಲಾವಣೆಯನ್ನೂ ‘ಕ್ಯೂ’ ಎಂದು ಮೊದಲೇ ತುಂಬಿಟ್ಟ ಕಂಪ್ಯೂಟರ್ ಕನ್ಸೋಲ್. ನಟರು, ಪರದೆ, ಪೇಟಿ ಮಾಸ್ತರು ಎಲ್ಲ ಅವೇ.

ಬಣ್ಣದಲ್ಲಿ ಎಲ್‌ಇಡಿಗೆ ಎದುರೇ ಇಲ್ಲ. ಕಾಡಿನ ಪರದೆಗೆ ರಾತ್ರಿ ಬೇಕೆಂದರೆ ಹಳೆ ಪದ್ಧತಿಯಲ್ಲಿ ದೀಪದ ಮುಂದೆ ಕಡುನೀಲಿ ಜೆಲ್, ಅಂದರೆ ಬಣ್ಣದ ಹಾಳೆ, ಹಾಕಬೇಕು. ಅದು ದೀಪದ ಬೆಳಕನ್ನೆಲ್ಲ ನುಂಗಿ, ಚೂರೇ ಚೂರು ಹೊರಗೆ ಬಿಡುತ್ತದೆ. ಆ ಕಾವಿಗೆ ಜೆಲ್ ಬೇಗ ಬಿಳಚುತ್ತದೆ ಬೇರೆ. ಎಲ್‌ಇಡಿಯಲ್ಲಿ ಅದೇ ಪರದೆ ಒಮ್ಮೆಲೇ ಆಳವಾಗಿ ನಿಂತಿತು. ಪೇಂಟರ್ ಬರೆದ ಎಲೆಗಳೆಲ್ಲ ಒಂದೊಂದಾಗಿ ಮುಂದೆ ಬಂದವು.

ಮುಖಕ್ಕೆ ಬಂದರೆ ಲೆಕ್ಕ ತಿರುವುಮುರುವು. ನಮ್ಮ ಕಡೆಯ ಬಣ್ಣಗಾರಿಕೆ ಸಫೇದಾ, ಕೆಂಪು, ಹಳದಿ ಬೆರೆಸಿದ್ದು. ಮೇಲೆ ಜರಿ, ಕಿರೀಟ. ಅಗ್ಗದ ಎಲ್‌ಇಡಿ ಪಾರ್ ಬಿಳಿ ಬೆಳಕನ್ನು ಕೆಂಪು, ಹಸಿರು, ನೀಲಿ ಕೂಡಿಸಿ ಮಾಡುತ್ತದೆ. ನಡುವಿನ ಹಳದಿ-ಕಿತ್ತಳೆ ಭಾಗ ಅದರಲ್ಲಿ ತೀರಾ ಬಡ. ‘ನಮ್ಮ ಮಾರಿ ಹೆಣದ ಮಾರಿ ಆಗೈತಲ್ರೀ’ ಎಂದು ನಮ್ಮ ರಾಣಿ ಪಾತ್ರದಾಕೆ ಕನ್ನಡಿ ಹಿಡಿದು ಜಗಳಕ್ಕೆ ಬಂದಳು. ಅವಳು ಹೇಳಿದ್ದು ಖರೇ ಇತ್ತು. ಹಳದಿ ಛಾಯೆಯ ಬಿಳಿ ಬೆಳಕನ್ನು ನೇರ ಕೊಡುವ ವಾರ್ಮ್ ವೈಟ್ ಕಾಬ್ ಎಲ್‌ಇಡಿ ಹಾಕಿದರೆ ಮುಖ ಬಹಳಷ್ಟು ಸುಧಾರಿಸುತ್ತದೆ. ಆದರೂ ಹ್ಯಾಲೊಜನ್‌ನ 3200 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕಿನಲ್ಲಿ ಜರಿ ಹೊಳೆಯುವ ಪರಿಯೇ ಬೇರೆ.

ಖರೇ ಪರೀಕ್ಷೆ ಹಾಡು ಮುಗಿಯುವ ಹೊತ್ತಿಗೆ. ನಾಯಕಿ ಒಬ್ಬಳೇ ನಿಂತು ನಿಧಾನ ಲಯದ ಪದ ಹಾಡಿ, ಕೊನೆಯ ಸಾಲನ್ನು ಮೆಲ್ಲಗೆ ಷಡ್ಜಕ್ಕೆ ಇಳಿಸುತ್ತಾಳೆ. ಬೆಳಕೂ ಅದರ ಜೊತೆಗೇ ಇಳಿಯಬೇಕು. ಹ್ಯಾಲೊಜನ್‌ನ ಒಳಗಿರುವುದು ಕಾದ ತಂತಿ. ಫೇಡರ್ ಇಳಿಸಿದರೆ ಅದು ತಕ್ಷಣ ಆರುವುದಿಲ್ಲ; ತಣಿಯುತ್ತ ಹಳದಿಯಾಗಿ, ಆಮೇಲೆ ಕೆಂಪಗಾಗಿ, ತಂಬೂರಿ ನಾದದ ಹಾಗೆ ಒಂದಿಷ್ಟು ಹೊತ್ತು ಉಳಿದು ಹೋಗುತ್ತದೆ. ಎಲ್‌ಇಡಿ ಹಾಗಲ್ಲ. ಕನ್ಸೋಲ್ ದೀಪಕ್ಕೆ ಆಜ್ಞೆ ಕಳಿಸುವ ಸಾದಾ ಡಿಎಂಎಕ್ಸ್ ಚಾನೆಲ್‌ನಲ್ಲಿ ಇರುವುದು 256 ಮೆಟ್ಟಿಲು. ಮೇಲಿನವು ಕಣ್ಣಿಗೆ ಬೀಳುವುದಿಲ್ಲ, ತಳದವು ಬೀಳುತ್ತವೆ. ದನಿ ಇನ್ನೂ ಎಳೆಯಾಗಿ ಇಳಿಯುತ್ತಿರುವಾಗ ಬೆಳಕು ಕುಕ್ಕುತ್ತ ಕುಕ್ಕುತ್ತ ಬಂದು ‘ಟಪ್’ ಎಂದು ಹೋಗಿಬಿಟ್ಟಿತು. ಬಣ್ಣವೂ ಕೊನೆತನಕ ಅದೇ ಬಿಳಿ. ಮೆಟ್ಟಿಲು ಬಹಳ ಸಣ್ಣದಾಗಿರುವ, ಹೆಚ್ಚು ಬೆಲೆಯ 16 ಬಿಟ್ ದೀಪಗಳಲ್ಲಿ ಈ ಕುಕ್ಕು ಇರುವುದಿಲ್ಲ. ನಮ್ಮ ಕಡೆ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಅವಲ್ಲ.

ಹಾಗಂತ ಹಳೆಯದೇ ಚೆಂದ ಅನ್ನುವ ರಾಗ ನನ್ನದಲ್ಲ. ಹೊಸ ಬೆಳಕಿಗೆ ಬೇಗನೆ ಕೈಚಾಚಿದ್ದರಲ್ಲಿ ಹಾಡಿನ ರಂಗಭೂಮಿಯೂ ಒಂದು. ಪ್ಯಾರಿಸ್ ಒಪೆರಾ 1849ರಲ್ಲೇ ಕಾರ್ಬನ್ ಆರ್ಕ್ ಎಂಬ ವಿದ್ಯುತ್ ದೀಪ ಹೊತ್ತಿಸಿ ರಂಗದ ಮೇಲೆ ಸೂರ್ಯೋದಯ ತೋರಿಸಿತ್ತು. 1881ರಲ್ಲಿ ಪೂರ್ತಿ ವಿದ್ಯುತ್ ದೀಪಕ್ಕೆ ಹೋದ ಲಂಡನ್ನಿನ ಸೆವಾಯ್ ಥಿಯೇಟರ್ ಕೂಡ ಹಾಡು-ನಗೆಯ ಒಪೆರಾಗಳಿಗೆಂದೇ ಕಟ್ಟಿದ್ದು.

ಕಂಪ್ಯೂಟರ್ ಕನ್ಸೋಲ್ ಒಪೆರಾ ಕಂಪನಿಗೆ ಯಾಕೆ ಅಷ್ಟು ಹೊಂದುತ್ತದೆ ಎನ್ನುವುದೂ ಸ್ಪಷ್ಟ. ಅಲ್ಲಿ ಸಂಗೀತವೆಲ್ಲ ಸ್ವರಲಿಪಿಯಲ್ಲಿ ಬರೆದಿಟ್ಟದ್ದು. ಬೆಳಕಿನ ವಿನ್ಯಾಸಕ ಪ್ರತಿ ಬದಲಾವಣೆಯನ್ನೂ ಲಿಪಿಯ ಇಂಥದ್ದೇ ಜಾಗಕ್ಕೆ ಗಂಟುಹಾಕುತ್ತಾನೆ. ಪ್ರದರ್ಶನದ ಹೊತ್ತಿಗೆ ಸ್ಟೇಜ್ ಮ್ಯಾನೇಜರ್ ಲಿಪಿ ಮುಂದಿಟ್ಟುಕೊಂಡು ಹೆಡ್‌ಸೆಟ್ಟಿನಲ್ಲಿ ‘ಗೋ’ ಅಂದರೆ, ಆಪರೇಟರ್ ಗುಂಡಿ ಒತ್ತುತ್ತಾನೆ. ಎಂಟು ಸೆಕೆಂಡಿನ ಫೇಡ್ ಎಂಟೇ ಸೆಕೆಂಡಿಗೆ ಮುಗಿಯುತ್ತದೆ.

ನಮ್ಮಲ್ಲಿ ಲಿಪಿ ಎಲ್ಲಿಂದ ತರೋಣ? ಗಂಟಲು ಕೂಡಿಬಂದ ದಿನ ಆಲಾಪ ಎರಡು ಪಟ್ಟು. ಮುಂದಿನ ಸಾಲಿನಲ್ಲಿ ಯಾರೋ ‘ವಾಹ್’ ಅಂದರೆ ಇನ್ನೊಂದು ತಾನ್. ಮುಗಿಯಿತು ಅನ್ನುವಷ್ಟರಲ್ಲಿ ಹಿಂದಿನಿಂದ ‘ಒನ್ಸ್ ಮೋರ್!’ ಅಷ್ಟೊತ್ತಿಗೆ ಕನ್ಸೋಲ್ ಅರಮನೆಯ ಕ್ಯೂಗೆ ಹೋಗಿರುತ್ತದೆ, ನಾಯಕಿ ಮಾತ್ರ ಕಾಡಿನಲ್ಲೇ. ಹಿಂದಿನ ಕ್ಯೂಗೆ ಮರಳುವ ಗುಂಡಿ ಇದೆ, ನಿಜ; ಅದು ಮರಳುವುದನ್ನು ಜನ ನೋಡುತ್ತಾರೆ. ಕೈ ಫೇಡರ್‌ನಲ್ಲಿ ಈ ರಗಳೆಯೇ ಇಲ್ಲ, ಅವಳು ಉಸಿರು ಹಿಡಿದಷ್ಟು ಹೊತ್ತು ನನ್ನ ಬೆರಳೂ ಹಿಡಿದಿರುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಅಲ್ಲಿಂದಲೇ ಒಂದು ನಾಟಕ ಕಂಪನಿ ಹೊರಟಿತು. ಬೆಳಕಿನವನು ಕಿವಿಯಿಂದ ಕೆಲಸ ಮಾಡಬೇಕು ಅಂದರೆ ನಗುವವರಿಗೆ ನಾನು ಆ ಮನೆಯನ್ನು ತೋರಿಸುತ್ತೇನೆ.

ಕನ್ಸೋಲಿಗೂ ಒಂದು ಉಪಾಯ ಇದೆ. ಹಾಡಿನ ಕ್ಯೂಗಳಿಗೆ ವೇಳೆಯನ್ನೇ ಕೊಡದೆ ಒಂದೊಂದನ್ನೂ ಬೇರೆ ಬೇರೆ ಫೇಡರಿಗೆ ಕಟ್ಟಿಬಿಡುವುದು. ಆಗ ಕಂಪ್ಯೂಟರೂ ಕೈಮಾತು ಕೇಳುತ್ತದೆ. ಪರದೆ ಬದಲಾವಣೆ, ಗುಡುಗು-ಮಿಂಚು, ಹಾಸ್ಯದ ಪ್ರವೇಶ ಇವಕ್ಕೆ ಗುಂಡಿಯೇ ಸಾಕು.

ಸದ್ದಿನ ಮಾತೂ ಇದೆ. ಎಲ್‌ಇಡಿ ಪಾರ್‌ಗಳಲ್ಲಿ ಕೆಲವಕ್ಕೆ ಫ್ಯಾನ್ ಇರುತ್ತದೆ, ತಾವೇ ತಿರುಗುವ ಮೂವಿಂಗ್ ಹೆಡ್‌ಗಳಂತೂ ಗುಂಯ್‌ಗುಡುತ್ತಲೇ ಇರುತ್ತವೆ. ದೊಡ್ಡ ಹಾಲಿನಲ್ಲಿ ಮೈಕು ಅದನ್ನು ಮುಚ್ಚುತ್ತದೆ. ಸಣ್ಣ ರಂಗಮಂದಿರದಲ್ಲಿ ಮೈಕಿಲ್ಲದೆ ಹಾಡಿದರೆ ತಂಬೂರಿಗೆ ಇನ್ನೊಂದು ಶ್ರುತಿ ಸೇರಿದಂತಾಗುತ್ತದೆ. ಮೊಬೈಲಿನವರಿಗೂ ಅಗ್ಗದ ಎಲ್‌ಇಡಿ ತೊಂದರೆಯೇ, ವಿಡಿಯೊದಲ್ಲಿ ಪಟ್ಟೆಪಟ್ಟೆ ಓಡುತ್ತದೆ.

ಹಾಗಾಗಿ ಹಾಲಿನಲ್ಲಿ ನನ್ನ ಕಟ್ಟು ಈಗ ಹೀಗೆ: ಮುಂದಿನಿಂದ ಮುಖಕ್ಕೆ ಹ್ಯಾಲೊಜನ್ ಫ್ರೆನೆಲ್, ಹಿಂದೆ ಪರದೆಗೂ ಪಕ್ಕದಿಂದಲೂ ಎಲ್‌ಇಡಿ, ಹಾಡಿನ ಬೆಳಕೆಲ್ಲ ಕೈಯಲ್ಲಿ.

ಹಾವೇರಿ ಕಡೆಯ ಹಳ್ಳಿ ಜಾತ್ರೆಯಾದರೆ ಈ ಹಟವನ್ನೂ ಬಿಡುತ್ತೇನೆ. ಹನ್ನೆರಡು ಪಾರ್ ಕ್ಯಾನ್ ಅಂದರೆ ಹನ್ನೆರಡು ಕಿಲೊವ್ಯಾಟ್. 230 ವೋಲ್ಟ್‌ಗೆ ಸುಮಾರು 52 ಆಂಪಿಯರ್. ತಾತ್ಪೂರ್ತಿಕ ಸಿಂಗಲ್ ಫೇಸ್ ಕನೆಕ್ಷನ್ ಇದನ್ನು ಹೊರುವುದಿಲ್ಲ. ಮೇಲಾಗಿ ರಾತ್ರಿ ವೋಲ್ಟೇಜು 180ಕ್ಕೆ ಬಿದ್ದರೆ ಹ್ಯಾಲೊಜನ್ ಬೆಳಕು ಅರ್ಧಕ್ಕಿಂತ ಕೆಳಗೆ ಇಳಿದು, ದೇವೇಂದ್ರನ ಆಸ್ಥಾನ ಚಿಮಣಿ ಬುಡ್ಡಿಯ ಮನೆಯಾಗುತ್ತದೆ. ಎಲ್‌ಇಡಿಯ ಪವರ್ ಸಪ್ಲೈ 100ರಿಂದ 240ರವರೆಗೆ ಜಗ್ಗುವುದಿಲ್ಲ. ಅಲ್ಲಿ ಎಲ್ಲವೂ ಎಲ್‌ಇಡಿ; ನಾಯಕಿಯ ಮುಖಕ್ಕೆಂದು ಎರಡೇ ಫ್ರೆನೆಲ್, ಅವಕ್ಕೆ ಸಣ್ಣ ಜನರೇಟರ್. ಅದರ ಬಾಡಿಗೆ ಯಾರು ಕೊಡಬೇಕು ಅನ್ನುವುದನ್ನು ಕಮಿಟಿಯವರ ಹತ್ತಿರ ವೀಳ್ಯ ಹಿಡಿಯುವ ಮೊದಲೇ ಮಾತಾಡಿಕೊಳ್ಳಿ.