ಹೊರಗಿನ ಖಾತೆಯ ಮೇಲ್ ಎಳೆದುಕೊಳ್ಳಲು ಫೆಚ್‌ಮೇಲ್, ಗೆಟ್‌ಮೇಲ್, ಎಂಬಿಸಿಂಕ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಸ್ವಂತ ಮೇಲ್ ಸರ್ವರ್ ನಡೆಸುವವರಿಗೆ ಈ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬೇರೆ ಕಡೆ ಇರುವ ಹಳೇ ಖಾತೆಯ ಮೇಲ್‌ಗಳೂ ನಮ್ಮ ಸರ್ವರ್‌ಗೇ ಬರಬೇಕು. ಫಾರ್ವರ್ಡ್ ಹಾಕೋಣ ಅಂದರೆ ಆ ಕಡೆ ಸೌಲಭ್ಯ ಇರುವುದಿಲ್ಲ. ಇದ್ದರೂ ಫಾರ್ವರ್ಡ್ ಆಗಿ ಬಂದ ಮೇಲ್ ಎಸ್‌ಪಿಎಫ್ ತಪಾಸಣೆಯಲ್ಲಿ (ಕಳಿಸಿದ ಸರ್ವರ್‌ಗೆ ಆ ಡೊಮೇನ್‌ನ ಅನುಮತಿ ಇದೆಯೇ ಅಂತ ನೋಡುವುದು) ಬಿದ್ದುಹೋಗಬಹುದು. ಆಗ ನಾವೇ ಹೋಗಿ ತಂದುಕೊಳ್ಳಬೇಕು.

ನಾನು ಮೂರು ಸಾಧನಗಳನ್ನೂ ಒಂದೇ ಖಾತೆಯ ಮೇಲೆ ಓಡಿಸಿ ನೋಡಿದೆ. ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾವ ಮೇಲ್ ತಂದಾಯ್ತು, ಯಾವುದು ಬಾಕಿ ಅನ್ನೋ ಲೆಕ್ಕ ಯಾರ ಹತ್ತಿರ ಇರುತ್ತದೆ ಅನ್ನುವುದರಲ್ಲೇ ಎಲ್ಲ ವ್ಯತ್ಯಾಸ ಇದೆ.

ಫೆಚ್‌ಮೇಲ್ ಇವುಗಳಲ್ಲಿ ಹಳೆಯದು. 1990ರ ದಶಕದಲ್ಲಿ ಎರಿಕ್ ರೇಮಂಡ್ ಬೆಳೆಸಿದ್ದು. ಸೆಟ್ಟಿಂಗ್ ಬರೆಯುವುದು ಬಹಳ ಸುಲಭ: ಯಾವ ಸರ್ವರ್, ಯಾವ ಪ್ರೋಟೋಕಾಲ್ (ಐಮ್ಯಾಪ್, ಪಾಪ್3 ಥರದ ಮೇಲ್ ತರುವ ವಿಧಾನ), ಅಲ್ಲಿನ ಹೆಸರು, ಪಾಸ್‌ವರ್ಡ್, ಇಲ್ಲಿ ಯಾರಿಗೆ ಸೇರಬೇಕು. ಮೊದಲ ಸಾಲಿನಲ್ಲಿ 'ಸೆಟ್ ಡೀಮನ್ 300' ಅಂತ ಹಾಕಿದರೆ ಐದು ನಿಮಿಷಕ್ಕೊಮ್ಮೆ ತಾನೇ ಹೋಗಿ ನೋಡಿಬರುತ್ತದೆ. ಸೆಟ್ಟಿಂಗ್ ಫೈಲನ್ನು ಬೇರೆಯವರು ಓದುವಂತಿದ್ದರೆ ಕೆಲಸವನ್ನೇ ಶುರು ಮಾಡುವುದಿಲ್ಲ. ಪಾಸ್‌ವರ್ಡ್ ಅದರಲ್ಲೇ ಇರುತ್ತದಲ್ವಾ, ಈ ಹಠ ನನಗೆ ತುಂಬ ಹಿಡಿಸಿತು.

ತಂದ ಮೇಲನ್ನು ಅದು ನಮ್ಮದೇ ಸರ್ವರ್‌ನ 25ನೇ ಪೋರ್ಟ್‌ಗೆ ಎಸ್‌ಎಂಟಿಪಿ (ಮೇಲ್ ಕಳಿಸುವ ಪ್ರೋಟೋಕಾಲ್) ಮೂಲಕ ಒಪ್ಪಿಸುತ್ತದೆ. ಹಾಗಾಗಿ ಅಲಿಯಾಸ್, ಫಿಲ್ಟರ್ ಎಲ್ಲ ಎಂದಿನಂತೆ ನಡೆಯುತ್ತವೆ. ಆದರೆ ಸ್ಪ್ಯಾಮ್ ಫಿಲ್ಟರ್‌ಗೆ ಎಲ್ಲ ಮೇಲೂ 127.0.0.1ರಿಂದ, ಅಂದರೆ ನಮ್ಮದೇ ಯಂತ್ರದಿಂದ ಬಂದ ಹಾಗೆ ಕಾಣುತ್ತದೆ. ಕಳಿಸಿದವರ ಐಪಿ ನೋಡಿ ಮಾಡುವ ತಪಾಸಣೆಗಳಿಗೆ ಅರ್ಥ ಉಳಿಯುವುದಿಲ್ಲ.

ಈಗ ಲೆಕ್ಕದ ವಿಷಯ. ಪರೀಕ್ಷೆಗೆಂದು ಆ ಖಾತೆಗೆ ಒಂದು ಮೇಲ್ ಕಳಿಸಿದೆ. ಫೆಚ್‌ಮೇಲ್ ಹೋಗುವ ಮುಂಚೆಯೇ ಫೋನಿನಲ್ಲಿ ಅದನ್ನು ತೆರೆದು ಓದಿದೆ. ಆಮೇಲೆ ಐಮ್ಯಾಪ್ ಮೂಲಕ ಫೆಚ್‌ಮೇಲ್ ಓಡಿಸಿದರೆ ಆ ಮೇಲ್ ಬರಲೇ ಇಲ್ಲ. ಲಾಗ್‌ನಲ್ಲಿ ದೋಷ ಇಲ್ಲ, ಎಚ್ಚರಿಕೆಯೂ ಇಲ್ಲ. ಐಮ್ಯಾಪ್‌ನಲ್ಲಿ ಅದು ನೋಡುವುದು ಆ ಕಡೆಯ 'ಓದಿದೆ' ಗುರುತನ್ನು. ಗುರುತು ಬಿದ್ದಿದ್ದರೆ ಹಳೇ ಮೇಲ್ ಅಂತ ಬಿಟ್ಟುಬಿಡುತ್ತದೆ. 'ಫೆಚ್‌ಆಲ್' (ಓದಿದ್ದನ್ನೂ ತಾ) ಹಾಕಿದರೆ ಬರುತ್ತದೆ, ನಿಜ. ಆದರೆ ಜೊತೆಗೆ 'ಕೀಪ್' (ತಂದ ಮೇಲೆ ಆ ಕಡೆ ಅಳಿಸಬೇಡ) ಕೂಡ ಇದ್ದರೆ ಪ್ರತಿ ಸುತ್ತಿಗೂ ಇಡೀ ಪೆಟ್ಟಿಗೆ ಮತ್ತೆ ಇಳಿಯುತ್ತದೆ. ಪಾಪ್3ಗೆ ಬದಲಿಸಿ 'ಯುಐಡಿಎಲ್' (ಪ್ರತಿ ಮೇಲ್‌ನ ವಿಶಿಷ್ಟ ಗುರುತು ನೋಡುವ ಆಯ್ಕೆ) ಹಾಕಿದಾಗ ಈ ಕಾಟ ತಪ್ಪಿತು. ಆಗ ಲೆಕ್ಕವನ್ನು ನಮ್ಮ ಕಡೆಯೇ 'ಫೆಚ್‌ಐಡ್ಸ್' ಎಂಬ ಫೈಲಿನಲ್ಲಿ ಇಡುತ್ತದೆ. ಆದರೆ ಪಾಪ್3ಗೆ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಗೊತ್ತಿಲ್ಲ.

ಗೆಟ್‌ಮೇಲ್ ಐಮ್ಯಾಪ್‌ನಲ್ಲೂ ಸ್ವಂತ ಲೆಕ್ಕ ಇಟ್ಟುಕೊಳ್ಳುತ್ತದೆ. ಅದೇ ಪರೀಕ್ಷೆ ಮಾಡಿದೆ: ಫೋನಿನಲ್ಲಿ ಓದಿದ ಮೇಲೂ ಸರಿಯಾಗಿ ಬಂತು, ಒಂದೇ ಸಲ ಬಂತು. 'ರೀಡ್ ಆಲ್' ಅನ್ನು ಫಾಲ್ಸ್ ಮಾಡುವುದು ಮಾತ್ರ ಮರೆಯಬಾರದು, ಮೂಲದಲ್ಲಿ ಅದು ಟ್ರೂ ಇರುತ್ತದೆ, ಆಗ ಪ್ರತಿ ಸಲವೂ ಎಲ್ಲ ಮೇಲ್ ಇಳಿಯುತ್ತದೆ. ಈಗಿನ ಪೈಥಾನ್ 3ಕ್ಕೆ ಗೆಟ್‌ಮೇಲ್6 ಹಾಕಿಕೊಳ್ಳಿ. ಮೇಲ್‌ಡಿರ್ (ಒಂದೊಂದು ಮೇಲ್ ಒಂದೊಂದು ಫೈಲಾಗಿ ಕೂರುವ ಡೈರೆಕ್ಟರಿ) ದಾರಿಯ ಕೊನೆಯಲ್ಲಿ ಓರೆಗೀಟು (/) ಇರಲೇಬೇಕು.

ಗೆಟ್‌ಮೇಲ್‌ನಲ್ಲಿ ಡೀಮನ್ (ಹಿನ್ನೆಲೆಯಲ್ಲಿ ತಾನೇ ಓಡುತ್ತಿರುವ ವ್ಯವಸ್ಥೆ) ಇಲ್ಲ, ಆಗಾಗ ಓಡಿಸಲು ಕ್ರಾನ್ ಅಥವಾ ಸಿಸ್ಟಮ್‌ಡಿ ಟೈಮರ್ ಬೇಕು. ನೇರ ಮೇಲ್‌ಡಿರ್‌ಗೆ ಹಾಕಿದರೆ ಮೇಲ್ ವಿಂಗಡಿಸುವ ಸೀವ್ ನಿಯಮಗಳು ಓಡುವುದಿಲ್ಲ. ನಾನು ಡವ್‌ಕಾಟ್ ಮೇಲ್ ಸರ್ವರ್‌ನ ಎಲ್‌ಡಿಎ (ಮೇಲನ್ನು ಪೆಟ್ಟಿಗೆಗೆ ಹಾಕುವ ಭಾಗ) ಮೂಲಕ ಒಪ್ಪಿಸುತ್ತೇನೆ, ಆಗ ಎಲ್ಲ ತಂತಮ್ಮ ಫೋಲ್ಡರ್ ಸೇರುತ್ತವೆ. ಸರ್ವರ್ ಬದಲಿಸುವಾಗ 'ಓಲ್ಡ್‌ಮೇಲ್' ಎಂದು ಶುರುವಾಗುವ ಫೈಲನ್ನೂ ಒಯ್ಯಬೇಕು. ಅದು ಕಳೆದರೆ ಆ ಕಡೆ ಉಳಿದಿರುವುದೆಲ್ಲ ಮತ್ತೆ ಇಳಿಯುತ್ತದೆ.

ಎಂಬಿಸಿಂಕ್ ಒಳ್ಳೆಯ ಸಾಧನವೇ, ಆದರೆ ಅದರ ಕೆಲಸ ಬೇರೆ. ಅದು ಎರಡೂ ಕಡೆಯನ್ನು ಒಂದೇ ಥರ ಇಡಲು ನೋಡುತ್ತದೆ. 'ಸಿಂಕ್ ಪುಲ್' ಅಂತ ಒಂದೇ ದಿಕ್ಕಿಗೆ ಕಟ್ಟಿಹಾಕಬಹುದು, ಆದರೂ ಫಿಲ್ಟರ್ ಹಾದು ಬರುವುದಿಲ್ಲ. ಇಡೀ ಖಾತೆಯ ಪ್ರತಿ ಬೇಕಿದ್ದರೆ ಇದನ್ನೇ ಹಿಡಿಯಿರಿ.

ಪೋರ್ಟ್ ಬಗ್ಗೆ ಯೋಚಿಸುವುದೇ ಬೇಡ. ಐಮ್ಯಾಪ್‌ಗೆ 993, ಪಾಪ್3ಗೆ 995. ಶುರುವಿನಿಂದಲೇ ಟಿಎಲ್‌ಎಸ್ (ಸಂಪರ್ಕವನ್ನು ಗೂಢವಾಗಿಸುವ ರಕ್ಷಣೆ) ಇರಲಿ ಅಂತ ಇಂಟರ್ನೆಟ್ ಮಾನದಂಡದ ದಾಖಲೆ, 2018ರ ಆರ್‌ಎಫ್‌ಸಿ 8314 ಕೂಡ ಹೇಳುತ್ತದೆ. ಮೇಲ್ ಬಂದ ಕೂಡಲೇ ಬೇಕು ಅನ್ನುವವರಿಗೆ ಐಮ್ಯಾಪ್‌ನ ಐಡಲ್ (ಸಂಪರ್ಕ ತೆರೆದಿಟ್ಟು ಕಾಯುವ ಸೌಲಭ್ಯ) ಇದೆ, ಆದರೆ ಅದು ಒಂದು ಸಂಪರ್ಕಕ್ಕೆ ಒಂದೇ ಫೋಲ್ಡರನ್ನು ಕಾಯುತ್ತದೆ. ನನಗೆ ಐದು ನಿಮಿಷದ ಟೈಮರ್ ಸಾಕು.

ನಾನು ಉಳಿಸಿಕೊಂಡಿದ್ದು ಗೆಟ್‌ಮೇಲ್. 'ಡಿಲೀಟ್' ಹಾಕಿಲ್ಲ, 'ಡಿಲೀಟ್ ಆಫ್ಟರ್' 30 ಇಟ್ಟಿದ್ದೇನೆ. ಎರಡನ್ನೂ ಹಾಕಿದರೆ ಡಿಲೀಟ್‌ನದೇ ಮೇಲುಗೈ, ಮೇಲ್ ತಂದ ಕೂಡಲೇ ಆ ಕಡೆ ಅಳಿಸಿಹೋಗುತ್ತದೆ. ಮೂವತ್ತು ದಿನ ಅಲ್ಲೂ ಪ್ರತಿ ಇದ್ದರೆ, ನಮ್ಮ ಡಿಸ್ಕ್ ಕೈಕೊಟ್ಟರೂ ಇತ್ತೀಚಿನ ಮೇಲ್ ಮತ್ತೆ ತಂದುಕೊಳ್ಳಬಹುದು.