ಭೂಮಿಯೂ ತಣ್ಣಗೆ, ಸೊಂಟವೂ ಸಣ್ಣಗೆ: ದುಡ್ಡು ಕೊಟ್ಟು ಬೆಪ್ಪಾದ ಕತೆ

ಮೊದಲೇ ಹೇಳಿಬಿಡುತ್ತೇನೆ, ಮಾಂಸ ಕಡಿಮೆ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ಈಗಲೂ ಕಡಿಮೆಯೇ ತಿನ್ನುತ್ತೇನೆ. ನನ್ನ ಸಿಟ್ಟೆಲ್ಲ ಆ ಆಸೆಯನ್ನೇ ಹಿಡಿದುಕೊಂಡು ನನ್ನ ಕಿವಿ ಮೇಲೆ ಹೂ ಇಟ್ಟ ಒಂದು ಆನ್‌ಲೈನ್ ಡಯಟ್ ಪ್ಲಾನ್ ಮೇಲೆ. ಹೆಸರು ಬರೆಯುವುದಿಲ್ಲ. ಇಂಥವು ಬೇಕಾದಷ್ಟಿವೆ, ಎಲ್ಲರ ಮಾತೂ ಒಂದೇ. ಮಾಂಸ ಬಿಡಿ, ತೂಕ ತಾನಾಗಿಯೇ ಇಳಿಯುತ್ತೆ, ಭೂಮಿಯೂ ತಣ್ಣಗಾಗುತ್ತೆ.

ತಾನಾಗಿಯೇ! ಈ ಒಂದು ಪದಕ್ಕೆ ನಾನು ಬಿದ್ದದ್ದು.

ನನ್ನ ತೂಕ 84 ಕೆಜಿ ಇತ್ತು. ಜೊತೆಗೆ ಪರಿಸರದ ಬಗ್ಗೆ ಓದಿ ತಲೆ ಕೆಡಿಸಿಕೊಂಡಿದ್ದೆ. ಮನುಷ್ಯರಿಂದ ಗಾಳಿ ಸೇರುವ ಹಸಿರುಮನೆ ಅನಿಲದಲ್ಲಿ ಜಾನುವಾರು ಸಾಕಣೆಯ ಪಾಲೇ ಶೇ. 14.5 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತ್ತು. 2023ರಲ್ಲಿ ಅದನ್ನು ಶೇ. 12 ಅಂತ ತಿದ್ದಿದರು. ಆದರೂ ಸಣ್ಣದೇನಲ್ಲ. ಹಾಗಿರುವಾಗ ಹೊಟ್ಟೆಯೂ ಕರಗುತ್ತೆ, ಭೂಮಿಗೂ ಒಳ್ಳೆಯದು ಅಂದರೆ ಯಾರು ಬೇಡ ಅಂತಾರೆ, ಅಲ್ವಾ? ಮೂರು ತಿಂಗಳ ದುಡ್ಡು ಒಟ್ಟಿಗೇ ಕಟ್ಟಿದೆ. ಕಾರ್ಡ್ ನಂಬರ್ ಸೇವ್ ಮಾಡಲು ಕೇಳಿತು, ಮಾಡಿದೆ. ಯಾಕೆ ಮಾಡಿದೆನೋ!

ಮೊದಲ ವಾರ ದಿನಕ್ಕೆ ಎರಡು ಲೋಟ ಅವರ ಪುಡಿ, ರಾತ್ರಿ ಒಂದು ಬಟ್ಟಲು ಸೊಪ್ಪು. ಏಳನೇ ದಿನ ತೂಕ ನೋಡಿದರೆ 2.6 ಕೆಜಿ ಇಳಿದಿತ್ತು. ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಸುಮ್ನೆ ಹೇಳಿದ್ದಲ್ಲ, ನನ್ನ ಕೋಡ್ ಕೊಟ್ಟು ಸೇರಿಸಿದೆ. ಒಬ್ಬೊಬ್ಬರಿಗೆ ನನಗೊಂದು ಡಬ್ಬಿ ಪುಡಿ ಉಚಿತ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ.

ಆ 2.6 ಕೆಜಿಯಲ್ಲಿ ಜಾಸ್ತಿ ಇದ್ದದ್ದು ನೀರು. ಊಟ ಒಮ್ಮೆಗೇ ಇಳಿಸಿದರೆ ದೇಹ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖರ್ಚಾಗುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ದುಡ್ಡು ವಾಪಸ್ ಕೇಳುವ ಗಡುವು 10 ದಿನ!

ಹನ್ನೊಂದನೇ ದಿನದಿಂದ ಎರಡನೇ ಹಂತ. ಈಗ ಅಡುಗೆ ಮಾಡಬೇಕು. ಮಾಂಸದ ಜಾಗದಲ್ಲಿ ಗೋಡಂಬಿ ಕ್ರೀಮ್, ಚೀಸ್, ಬಾದಾಮಿ ಬೆಣ್ಣೆ, ಮೇಲೆ ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, 'ಒಳ್ಳೆಯ ಕೊಬ್ಬು' ಅಂತ. ಒಳ್ಳೆಯದೇ ಇರಬಹುದು. ಆದರೆ ಕೊಬ್ಬು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಗ್ರಾಮಿಗೆ 9 ಕ್ಯಾಲೊರಿ. ಮೂರು ಚಮಚ ಎಣ್ಣೆಯೇ 360ರ ಹತ್ತಿರ. ಒಂದು ದಿನ ತಕ್ಕಡಿ ಇಟ್ಟುಕೊಂಡು ಲೆಕ್ಕ ಹಾಕಿದೆ, ರಾತ್ರಿಯ ಒಂದು ತಟ್ಟೆ 900 ದಾಟಿತು. ಚರ್ಮ ತೆಗೆದು ಬೇಯಿಸಿದ 100 ಗ್ರಾಂ ಕೋಳಿ ಎದೆಮಾಂಸ ಸುಮಾರು 165. ಎರಡನೇ ತಿಂಗಳ ಕೊನೆಗೆ ನನ್ನ ತೂಕ 83.4. ಊದಿದ್ದಕ್ಕೂ ಬಾರಿಸಿದ್ದಕ್ಕೂ ಸರಿಹೋಯಿತು.

ಅವರ ಕೋಚ್‌ಗೆ ಬರೆದೆ. ಯಾಕೆ ಇಳಿಯುತ್ತಿಲ್ಲ?

"ನಿಮ್ಮ ದೇಹ ವಿಷ ಹೊರಹಾಕುತ್ತಿದೆ. ತಾಳ್ಮೆ ಇರಲಿ." ಪಕ್ಕದಲ್ಲಿ ಒಂದು ಎಲೆಯ ಚಿತ್ರ.

ಯಾವ ವಿಷ?

"ಇಷ್ಟು ವರ್ಷ ತಿಂದ ಮಾಂಸದ್ದು." ಮತ್ತೆ ಎಲೆ.

ಬಾಚಣಿಗೆ ತುಂಬಾ ಕೂದಲು ಬರುತ್ತಿದೆ ಅಂದೆ. "ಹಳೆಯದು ಹೋದರೆ ತಾನೇ ಹೊಸದು ಬರುವುದು?" ಎಲೆ, ಎಲೆ. ಮಾಂಸ ಬಿಟ್ಟರೆ ವಿಟಮಿನ್ ಬಿ12 ಎಲ್ಲಿಂದ ಬರಬೇಕು ಅಂದೆ. "ನಮ್ಮ ಪುಡಿಯಲ್ಲಿ ಸ್ಪಿರುಲಿನಾ ಇದೆ." ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಊಟ ದಿಢೀರ್ ಕಡಿಮೆಯಾದ ಎರಡು ಮೂರು ತಿಂಗಳಿಗೆ ಕೂದಲು ಹೀಗೇ ಉದುರುತ್ತದಂತೆ. ಸ್ಪಿರುಲಿನಾ ಅನ್ನುವ ಆ ಪಾಚಿಯಲ್ಲಿ ಜಾಸ್ತಿ ಇರುವುದು ನೋಡಲು ಬಿ12ರಂತೆಯೇ ಇರುವ, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ಇನ್ನೊಂದು ಅಂತ ಅವರೇ ಹೇಳಿದ್ದು. ಯಕೃತ್ತಿನಲ್ಲಿ ಬಿ12ರ ವರ್ಷಗಟ್ಟಲೆಯ ದಾಸ್ತಾನು ಇರುವುದರಿಂದ ಮೂರು ತಿಂಗಳಿಗೆ ಏನೂ ಆಗುವುದಿಲ್ಲ, ಆದರೆ ಹೀಗೇ ಮುಂದುವರಿಯುವುದಾದರೆ ಮಾತ್ರೆ ತಗೊಳ್ಳಿ ಅಂದರು.

ಇಷ್ಟಾದರೂ ನಾನು ಬಿಡಲಿಲ್ಲ. ಯಾಕೆ ಗೊತ್ತಾ? ಆಪ್‌ನಲ್ಲಿ ಒಂದು ಮರ ಇತ್ತು. ದಿನಾ ಬೆಳೆಯುತ್ತಿತ್ತು. ಕೆಳಗೆ 'ನೀವು ಉಳಿಸಿದ ಇಂಗಾಲ' ಅಂತ ಒಂದು ಸಂಖ್ಯೆ, ಆಗಲೇ 600 ಕೆಜಿ ದಾಟಿತ್ತು. ತೂಕ ಇಳಿಯದಿದ್ದರೆ ಹಾಳಾಗಲಿ, ಭೂಮಿಗಾದರೂ ಉಪಕಾರವಾಯಿತಲ್ಲ ಅಂದುಕೊಂಡು ರಾತ್ರಿ ಮಲಗುವ ಮುಂಚೆ ಆ ಮರ ನೋಡುತ್ತಿದ್ದೆ.

ಒಂದು ರಾತ್ರಿ ಸಂಖ್ಯೆಯ ಪಕ್ಕ ಒಂದು ಪುಟ್ಟ ಪ್ರಶ್ನೆ ಚಿಹ್ನೆ ಕಂಡಿತು. ಸಾಸಿವೆ ಕಾಳಿನಷ್ಟು. ಒತ್ತಿದೆ. "ದಿನಕ್ಕೆ 150 ಗ್ರಾಂ ದನದ ಮಾಂಸ ಬಿಟ್ಟಿದ್ದೀರಿ ಎಂಬ ಆಧಾರದ ಮೇಲೆ ಲೆಕ್ಕ ಹಾಕಲಾಗಿದೆ."

ದನದ ಮಾಂಸ ನಾನು ತಿಂದವನೇ ಅಲ್ಲ! ತಿನ್ನುತ್ತಿದ್ದದ್ದು ವಾರಕ್ಕೆರಡು ಸಲ ಕೋಳಿ. ಸೇರುವಾಗ ಫಾರಂನಲ್ಲಿ ಅದನ್ನೇ ಬರೆದಿದ್ದೆ. ತಿನ್ನದೇ ಇದ್ದದ್ದನ್ನು ಬಿಟ್ಟೆ ಅಂತ ಎರಡು ತಿಂಗಳು ಬೆನ್ನು ತಟ್ಟಿಸಿಕೊಂಡಿದ್ದೆ. ಹಾಸಿಗೆಯಲ್ಲಿ ಎದ್ದು ಕೂತೆ. ಚೀಸ್ ಲೆಕ್ಕ ನೋಡಿದೆ, ಸೊನ್ನೆ. ಮಾಂಸವಲ್ಲ, ಆದ್ದರಿಂದ ಸೊನ್ನೆಯಂತೆ. ಪೂರ್ ಮತ್ತು ನೆಮೆಸೆಕ್ ಎನ್ನುವ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ತೋಟ, ಫಾರಂಗಳ ಲೆಕ್ಕ ಹಿಡಿದು 2018ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ಕೆಜಿಗೆ ಕೆಜಿ ನೋಡಿದರೆ ಚೀಸ್‌ನ ಹೊರೆ ಕೋಳಿಗಿಂತ ಜಾಸ್ತಿ. ಎಷ್ಟಾದರೂ ಅದೂ ತೇಗಿ ತೇಗಿ ಮೀಥೇನ್ ಬಿಡುವ ಹಸುವಿನದ್ದೇ ತಾನೇ? ಅಂದರೆ ನಾನು ಕೋಳಿ ಬಿಟ್ಟು ಚೀಸ್ ಹಿಡಿದು, ದುಡ್ಡೂ ಕೊಟ್ಟು, ಭೂಮಿಯ ಹೊರೆಯನ್ನು ಪ್ರಾಯಶಃ ಹೆಚ್ಚಿಸಿದ್ದೆ!

ಕೋಚ್‌ಗೆ ಬರೆದೆ. ಉತ್ತರ: "ಸಂಖ್ಯೆ ಮುಖ್ಯವಲ್ಲ, ನಿಮ್ಮ ಸಂಕಲ್ಪ ಮುಖ್ಯ." ಸಂಖ್ಯೆ ತೋರಿಸಿ ದುಡ್ಡು ಕಿತ್ತವರ ಮಾತು ಇದು. ದುಡ್ಡು ವಾಪಸ್ ಕೊಡಿ ಅಂದೆ. "10 ದಿನ ಮುಗಿದಿದೆ." ಅಷ್ಟೇ. ಮೂರು ತಿಂಗಳು ಮುಗಿದ ಮಾರನೇ ದಿನ ಹೇಳದೆ ಕೇಳದೆ ಮತ್ತೆ ಮೂರು ತಿಂಗಳ ದುಡ್ಡು ಕಾರ್ಡಿನಿಂದ ಹೋಯಿತು. ಜಗಳ ತೆಗೆದರೆ ಬಂದ ಉತ್ತರ: "ಭೂಮಿಗಿಂತ ನಿಮಗೆ ದುಡ್ಡೇ ದೊಡ್ಡದಾಯಿತೇ?" ಈ ಸಲ ಎಲೆ ಇರಲಿಲ್ಲ.

ಈಗ ನಾನೇ ಮಾಡಿಕೊಳ್ಳುತ್ತಿದ್ದೇನೆ. ಬೇಳೆ ಕಾಳು, ತರಕಾರಿ, ಅಳೆದು ಹಾಕುವ ಎಣ್ಣೆ, ಯಾವಾಗಲಾದರೂ ಒಮ್ಮೆ ಕೋಳಿ. ತೂಕ 80.9. ನಿಧಾನ, ಆದರೆ ಇಳಿಯುತ್ತಿದೆ. ಹೊಟ್ಟೆಯ ಲೆಕ್ಕ ಬೇರೆ, ಭೂಮಿಯ ಲೆಕ್ಕ ಬೇರೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಮಾರುವವರಿಗೆ ಕಾರ್ಡ್ ನಂಬರ್ ಕೊಡಬೇಡಿ. ಕೊಟ್ಟಿದ್ದರೆ ಮೊದಲು ಆ ಪುಟ್ಟ ಪ್ರಶ್ನೆ ಚಿಹ್ನೆ ಹುಡುಕಿ ಒತ್ತಿ.

ಆಫೀಸಿನ ನಾಲ್ಕು ಜನರಲ್ಲಿ ಮೂವರು ಬಿಟ್ಟಿದ್ದಾರೆ. ಒಬ್ಬಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿನ್ನೆ ಬೆಳಿಗ್ಗೆ ಬಾಗಿಲಲ್ಲಿ ಒಂದು ಪಾರ್ಸೆಲ್. ತೆಗೆದರೆ ಒಂದು ಡಬ್ಬಿ ಪುಡಿ, 'ನಿಮ್ಮ ಕೋಡ್ ಬಳಸಿ ಹೊಸಬರೊಬ್ಬರು ಸೇರಿದ್ದಾರೆ, ಅಭಿನಂದನೆ' ಎಂಬ ಚೀಟಿ. ಯಾರು ಅಂತ ಗೊತ್ತಿಲ್ಲ. ಅದು ನೀವೇ ಆಗಿದ್ದರೆ, ಇನ್ನೂ ಒಂಬತ್ತು ದಿನ ಇದೆ.