ಬ್ರೌಸರ್ ವಿಪಿಎನ್‌ಗೆ ದುಡ್ಡು ಕೊಡುವ ಮುಂಚೆ ಒಂದ್ಸಲ ಕಂಟ್ರೋಲ್ ಎಸ್ ಒತ್ತಿ ನೋಡಿ

ಪುಣೆಯಲ್ಲಿ ಸಣ್ಣ ಆಫೀಸು ಇಟ್ಟುಕೊಂಡಿರುವ ನಮ್ಮವರು, ಅದರಲ್ಲೂ ಲೆಕ್ಕಪತ್ರದ ಕೆಲಸದವರು, ದಯವಿಟ್ಟು ಓದಿ. "ಸಾಫ್ಟ್‌ವೇರ್ ಏನೂ ಹಾಕೋದು ಬೇಡ, ಕ್ರೋಮ್ ತೆರೆದರೆ ಆಫೀಸ್ ಫೈಲೆಲ್ಲ ಮನೇಲೇ" ಅಂತ ಹೇಳಿ, ಬ್ರೌಸರ್ ವಿಪಿಎನ್ (ಮನೆಯಿಂದ ಆಫೀಸ್ ನೆಟ್‌ವರ್ಕಿಗೆ ದಾರಿ) ಅನ್ನೋ ಹೆಸರಲ್ಲಿ ಒಬ್ಬ ವರ್ಷಕ್ಕೆ 18,000 ರೂಪಾಯಿ ಕಟ್ಟಿಸಿಕೊಂಡ. ಕಟ್ಟಿದ್ದು ನಾನು. ಪಕ್ಕದ ಆಫೀಸಿನವರಿಗೂ ಹಾಕಿಸಿಕೊಳ್ಳಿ ಅಂದಿದ್ದೂ ನಾನೇ!

20ನೇ ತಾರೀಕು, ತಿಂಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿಗೆ ಕಡೇ ದಿನ. ಕೋಥ್ರೂಡ್‌ನ ಮನೆಯಿಂದ ಅವನು ಕೊಟ್ಟ ಬ್ರೌಸರ್ ಪೋರ್ಟಲ್‌ಗೆ ಲಾಗಿನ್ ಆಗಿ, ಖರೀದಿ ಶೀಟು ಎರಡು ಗಂಟೆ ತಿದ್ದಿ, ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡಿದ್ದಾಯ್ತು. ಆಫೀಸಿನ ಹುಡುಗ ಅಲ್ಲಿ ಸರ್ವರಿನಲ್ಲಿದ್ದ ಶೀಟು ನೋಡಿ ರಿಟರ್ನ್ ಹಾಕಿದ. ಹಳೇ ಶೀಟು! ತಿದ್ದಿದ ಒಂದು ಸಾಲೂ ಅದರಲ್ಲಿಲ್ಲ. ತಿದ್ದಿದ್ದು ಮನೆ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್‌ನಲ್ಲಿ, ಹೆಸರಿನ ಬಾಲಕ್ಕೆ (1) ಅಂಟಿಸಿಕೊಂಡು ಕೂತಿದೆ. 3ಬಿ ಒಮ್ಮೆ ಹಾಕಿದರೆ ತಿದ್ದೋ ಹಾಗಿಲ್ಲ, ಗೊತ್ತಲ್ಲ.

ಹಾಕಿಕೊಟ್ಟವನಿಗೆ ಫೋನ್ ಮಾಡಿದರೆ, "ಹಮಾರೆ ಸೈಡ್ ಸೆ ಸಬ್ ಓಕೆ ಹೈ ಸರ್, ಬ್ರೌಸರ್ ಕಾ ಕ್ಯಾಶೆ ಕ್ಲಿಯರ್ ಕೀಜಿಯೆ." ಮೂರನೇ ಸಲ ಮಾಡಿದಾಗ ಬಾಯಿಬಿಟ್ಟ: "ಅಪ್‌ಲೋಡ್ ತೋ ಆಪ್ಕೋ ಕರ್ನಾ ಪಡೇಗಾ ನಾ!" ತಿದ್ದಿದ ಫೈಲನ್ನು ನಾವೇ ವಾಪಸ್ ಏರಿಸಬೇಕಂತೆ. ಡೆಮೋದಲ್ಲಿ ಫೈಲ್ ತೆರೆದು ತೋರಿಸಿದ್ದ, ಸೇವ್ ಮಾಡಿ ತೋರಿಸಿರಲಿಲ್ಲ. ನಾನೂ ಕೇಳಲಿಲ್ಲ, ಪೆದ್ದ.

ಮಾಮೂಲಿ ವಿಪಿಎನ್ ನಿಮ್ಮ ಕಂಪ್ಯೂಟರನ್ನೇ ಆಫೀಸ್ ನೆಟ್‌ವರ್ಕಿನೊಳಗೆ ಕೂರಿಸುತ್ತೆ. ಆಫೀಸಿನ ಫೋಲ್ಡರ್ ಜೆಡ್ ಡ್ರೈವ್ ಆಗಿ ಕಾಣುತ್ತೆ, ಸೇವ್ ಮಾಡಿದ್ದು ಅಲ್ಲೇ ಸೇವ್ ಆಗುತ್ತೆ, ಒಬ್ಬರು ತೆರೆದಿದ್ದರೆ ಎಕ್ಸೆಲ್ ಇನ್ನೊಬ್ಬರಿಗೆ ರೀಡ್ ಓನ್ಲಿ ಅನ್ನುತ್ತೆ. ನಮಗೆ ಕೊಟ್ಟ ಬ್ರೌಸರ್ ಪೋರ್ಟಲ್ ಹಾಗಲ್ಲ. ಸರ್ವರಿನ ಫೋಲ್ಡರನ್ನು ಅದೇ ಓದಿ ನಿಮಗೆ ನಕಲು ಇಳಿಸುತ್ತೆ, ಅಷ್ಟೇ. ಒಬ್ಬರು ತೆರೆದಾಗ ಇನ್ನೊಬ್ಬರನ್ನು ತಡೆಯೋ ಲಾಕ್ ಇಲ್ಲ. ಇಬ್ಬರು ತಿದ್ದಿದರೆ ಕೊನೆಗೆ ಅಪ್‌ಲೋಡ್ ಮಾಡಿದವರದ್ದೇ ಉಳಿಯೋದು. ಸಾಲದ್ದಕ್ಕೆ 15 ನಿಮಿಷದ ಟೈಮ್‌ಔಟ್ ಬೇರೆ. ನೀವು ಎಕ್ಸೆಲ್‌ನಲ್ಲಿ ಬೆವರು ಸುರಿಸ್ತಾ ಇದ್ದರೂ ಬ್ರೌಸರಿನಲ್ಲಿ ಕ್ಲಿಕ್ ಇಲ್ಲವಲ್ಲ, ಸುಮ್ಮನೆ ಕೂತಿದ್ದಾರೆ ಅಂತ ಹೊರಗೆ ಹಾಕುತ್ತೆ.

ಇನ್ನೊಂದು ಮೋಸ. ತೆರೆದಾಗೆಲ್ಲ "ಸಂಪರ್ಕ ಸುರಕ್ಷಿತವಲ್ಲ" ಅಂತ ಎಚ್ಚರಿಕೆ ಬರ್ತಿತ್ತು. "ಅಡ್ವಾನ್ಸ್ಡ್ ಒತ್ತಿ ಪ್ರೊಸೀಡ್ ಕೊಡಿ, ಸರ್ಟಿಫಿಕೇಟ್ ಬೇಕಾದ್ರೆ 4,000 ಎಕ್ಸ್‌ಟ್ರಾ" ಅಂದ. ಸರ್ಟಿಫಿಕೇಟ್ ಅಂದರೆ ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸೋ ಗುರುತು; ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯಲ್ಲಿ ಅದು ಪುಕ್ಕಟೆ ಸಿಗುತ್ತೆ ಸ್ವಾಮಿ! ಹಾಗೆ ಒತ್ತಿ ರೂಢಿಯಾದ ಹುಡುಗರು ನಾಳೆ ನಕಲಿ ಪುಟ ಬಂದರೂ ಒತ್ತುತ್ತಾರೆ, ಪಾಸ್‌ವರ್ಡೂ ಕೊಡ್ತಾರೆ.

ನಿಮ್ಮ ಫೈಲನ್ನೇ, ಮೊಬೈಲ್ ಹಾಟ್‌ಸ್ಪಾಟಿನಿಂದ, ಅವನೆದುರೇ ತೆರೆದು ತಿದ್ದಿ ಸೇವ್ ಮಾಡಿ. ಆಫೀಸಿನಲ್ಲಿ ಬದಲಾಗಿದ್ದರೆ ಮಾತ್ರ ದುಡ್ಡು. ಹಾಕಿಸಿಕೊಂಡು ಆಗಿದ್ದರೆ ಇವತ್ತೇ ಡೌನ್‌ಲೋಡ್ಸ್ ಫೋಲ್ಡರ್ ನೋಡಿ, ಗಿರಾಕಿಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅಲ್ಲೇ ಬಿದ್ದಿರುತ್ತೆ.

ದುಡ್ಡು ವಾಪಸ್ ಕೇಳಿದ್ದಕ್ಕೆ "ರಿನ್ಯೂವಲ್ ಮೇ ಅಡ್ಜಸ್ಟ್ ಕರ್ ದೇಂಗೆ ಸರ್" ಅಂದ. ರಿನ್ಯೂವಲ್ ಅಂತೆ!